ಗೋಡೆಯಾಚೆಯ ರಾಟೆಯ ಸದ್ದು

ದೆವ್ವ, ಶಕುನ, ಮೈಮೇಲೆ ಬರುವುದು ಇಂಥ ಮಾತು ಶುರುವಾದರೆ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುವವಳು. ಚಿಕ್ಕವಳಿದ್ದಾಗ ನಮ್ಮ ಸೋದರತ್ತೆ ರಾತ್ರಿ ಊಟವಾದ ಮೇಲೆ ಹುಣಸೆಮರದ ಕತೆ ತೆಗೆದರೆ, ‘ಅವತ್ತು ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು?’ ಎಂದು ನಡುವೆ ಬಾಯಿ ಹಾಕಿ ಅವಳ ಉತ್ಸಾಹಕ್ಕೆ ತಣ್ಣೀರು ಎರಚುತ್ತಿದ್ದೆ. ಅವಳು ಸಿಟ್ಟಿನಿಂದ, ‘ಇದರ ಮುಂದ ಏನೂ ಹೇಳಬಾರದವ್ವಾ’ ಎಂದು ಎದ್ದು ಹೋಗುತ್ತಿದ್ದಳು. ಮುಂದೆ ರಸಾಯನಶಾಸ್ತ್ರ ಓದಿದ್ದರಿಂದ ನನ್ನ ಈ ಸ್ವಭಾವಕ್ಕೆ ಒಂದು ಡಿಗ್ರಿಯ ಬಲವೂ ಸಿಕ್ಕಿತು. ಅಳೆಯಲು ಬರದಿದ್ದದ್ದನ್ನು ನಂಬಬಾರದು ಎಂಬುದು ನನ್ನ ಹಟ. ಈಗಲೂ ಬಹುಮಟ್ಟಿಗೆ ಹಾಗೆಯೇ ಇದ್ದೇನೆ.

ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ಕೆಳಗೆ ಬರೆಯಲಿರುವುದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನು ಅರ್ಧಕ್ಕೇ ಪುಟ ಮಗುಚುತ್ತಿದ್ದೆ. ನೀವೂ ಹಾಗೆ ಮಾಡಿದರೆ ನನಗೆ ಬೇಸರವಿಲ್ಲ. ಆದರೆ ಇದು ನನ್ನ ಕಿವಿಯಿಂದ ನಾನೇ ಕೇಳಿದ್ದು, ಮತ್ತು ಹಾಡುಹಗಲಿನಲ್ಲಿ ಕೇಳಿದ್ದು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದು ಕೆಲವು ವರ್ಷಗಳಾಗಿದ್ದವು. ಕಾತ್ರಜದ ಹತ್ತಿರ ನಮ್ಮ ಮನೆ. ಮಣ್ಣು ಮತ್ತು ನೀರಿನ ಪರೀಕ್ಷೆ ಮಾಡಿಕೊಡುವ ಒಂದು ಸಣ್ಣ ಸಂಸ್ಥೆಯಲ್ಲಿ ನನಗೆ ಕೆಲಸ. ಆಗ ಊರು ಎಲ್ಲ ದಿಕ್ಕಿಗೂ ಬೆಳೆಯುತ್ತಿತ್ತು. ಹಳೆಯ ಕಾರ್ಖಾನೆಗಳು ಬಾಗಿಲು ಹಾಕಿಕೊಂಡು ಆ ಜಾಗದಲ್ಲಿ ಫ್ಲ್ಯಾಟುಗಳು ಏಳುತ್ತಿದ್ದವು. ಕಾರ್ಖಾನೆಯಿದ್ದ ನೆಲದೊಳಗೆ ಏನೇನು ವಿಷ ಇಳಿದಿದೆಯೋ ಎಂಬ ಅಂಜಿಕೆ ಹಣ ಹಾಕುವವರಿಗೆ ಇರುತ್ತಿತ್ತು. ನೆಲ ಶುದ್ಧವಾಗಿದೆ ಎಂದು ಯಾರಾದರೂ ಸಹಿ ಮಾಡಿ ಕೊಡಬೇಕು. ಅದಕ್ಕಾಗಿ ನಾವು ಹೋಗಿ ನೆಲ ಕೊರೆದು ಮಣ್ಣು ತೆಗೆಯುತ್ತಿದ್ದೆವು, ಕೊಳವೆ ಇಳಿಸಿ ನೀರು ತೆಗೆಯುತ್ತಿದ್ದೆವು. ನಮ್ಮಲ್ಲಿ ಹೀಗೆ ಬಿಸಿಲಿಗೆ ಬೀಳುವ ಹೆಂಗಸು ನಾನೊಬ್ಬಳೇ.

ಎಲ್ಲಿ ಕೊರೆಯಬೇಕು ಎಂಬುದು ನಮ್ಮ ಮನಸ್ಸಿಗೆ ಬಿಟ್ಟದ್ದಲ್ಲ. ನಮ್ಮ ಸಾಹೇಬರು ಆಫೀಸಿನಲ್ಲಿ ಕಾರ್ಖಾನೆಯ ಹಳೆಯ ನಕಾಶೆ ಹರಡಿಕೊಂಡು, ತೊಟ್ಟಿ ಎಲ್ಲಿತ್ತು, ಚರಂಡಿ ಎಲ್ಲಿ ಹೋಗುತ್ತಿತ್ತು ಎಂದೆಲ್ಲ ನೋಡಿ ಗುರುತು ಹಾಕುತ್ತಿದ್ದರು. ಒಂದೊಂದು ಗುರುತಿನ ಎದುರಿಗೂ ‘ಇಲ್ಲಿಯೇ ಏಕೆ?’ ಎಂಬುದಕ್ಕೆ ಉತ್ತರ ಬರೆಯಬೇಕು. ಉತ್ತರವಿಲ್ಲದ ಕಡೆ ಒಂದು ಗುದ್ದಲಿ ಮಣ್ಣನ್ನೂ ತೆಗೆಯುವಂತಿಲ್ಲ. ಈ ನಿಯಮ ನನಗೆ ಬಹಳ ಹಿಡಿಸಿತ್ತು. ಎಲ್ಲದಕ್ಕೂ ಒಂದು ಕಾರಣ ಇದ್ದೇ ಇರಬೇಕು ಎನ್ನುವವಳಿಗೆ ಅದಕ್ಕಿಂತ ಒಳ್ಳೆಯ ನೌಕರಿ ಯಾವುದಿದೆ?

ಆ ಸಲ ನಮಗೆ ಬಂದದ್ದು ಕೊಂಢವಾದ ಇಳಿಜಾರಿನಲ್ಲಿದ್ದ ಒಂದು ಜಾಗ. ಮೊದಲು ಅಲ್ಲಿ ಲೋಹದ ಸಾಮಾನುಗಳಿಗೆ ಹೊಳಪಿನ ಲೇಪ ಕೊಡುವ ಕಾರ್ಖಾನೆಯಿತ್ತಂತೆ. ನಾವು ಹೋಗುವ ಹೊತ್ತಿಗೆ ಅದನ್ನು ಕೆಡವಿ ಬಹಳ ಕಾಲವಾಗಿತ್ತು. ಜಾಗದ ಒಂದು ಭಾಗದಲ್ಲಿ ಆಗಲೇ ಕಟ್ಟಡದ ಕೆಲಸ ನಡೆದಿತ್ತು. ಹಿಂದಿನ ಮೂಲೆಯಲ್ಲಿ, ಎತ್ತರದ ಕಂಪೌಂಡ್ ಗೋಡೆಗೆ ಒರಗಿದಂತೆ, ಕೂಲಿಯವರ ತಗಡಿನ ಶೆಡ್ಡುಗಳು. ಎಲ್ಲರೂ ನಮ್ಮ ಕಡೆಯವರೇ, ಯಾದಗಿರಿ, ಶಹಾಪುರದ ಸುತ್ತಿನ ಹಳ್ಳಿಗಳವರು. ನಕಾಶೆಯಲ್ಲಿ ಆ ಮೂಲೆಗೆ ಗೆರೆ ಹೊಡೆದು ಬಿಟ್ಟಿದ್ದರು. ಅಲ್ಲಿ ಕಾರ್ಖಾನೆಯ ಕಟ್ಟಡವೇನೂ ಇರಲಿಲ್ಲವಾದ್ದರಿಂದ ನಮ್ಮ ಗುರುತು ಒಂದೂ ಅಲ್ಲಿ ಬಿದ್ದಿರಲಿಲ್ಲ.

ಕೊರೆಯುವ ಯಂತ್ರದ ಮನುಷ್ಯ ನಮ್ಮ ತಾತ್ಯಾ. ವಯಸ್ಸಾದ ಮರಾಠಿಯವರು, ಒಳ್ಳೆಯವರು. ವರ್ಷಗಟ್ಟಲೆ ಯಂತ್ರದ ಪಕ್ಕ ನಿಂತು ಅವರ ಕಿವಿ ಮಂದವಾಗಿತ್ತು, ಕೂಗಿಯೇ ಮಾತಾಡಬೇಕು. ನಾವಿಬ್ಬರೂ ಸೇರಿ ಸಾಹೇಬರ ಗುರುತುಗಳನ್ನೆಲ್ಲ ಮುಗಿಸುತ್ತ ಬಂದೆವು. ಮಣ್ಣು ನೋಡಲು ಚೆನ್ನಾಗಿಯೇ ಇತ್ತು. ಮೇಲೆ ಕೆಂಪು ಮುರುಮು, ಅಂದರೆ ಗರಸು ಮಣ್ಣು, ಅದರ ಕೆಳಗೆ ಕರಿಕಲ್ಲು. ವಾಸನೆಯಿಲ್ಲ, ಬಣ್ಣವಿಲ್ಲ. ಇಲ್ಲಿ ಏನೂ ಸಿಗುವುದಿಲ್ಲ ಎಂದು ನನಗೆ ಅನ್ನಿಸಿತ್ತು.

ಕೊನೆಯ ಕೊಳವೆ ಶೆಡ್ಡುಗಳಿಗೆ ಸ್ವಲ್ಪ ಹತ್ತಿರದಲ್ಲಿತ್ತು. ನೀರು ತೆಗೆಯುವ ಮೊದಲು ಅದು ಎಷ್ಟು ಆಳದಲ್ಲಿದೆ ಎಂದು ನೋಡಬೇಕು. ಅದಕ್ಕೆ ನಮ್ಮಲ್ಲಿ ಒಂದು ಸರಳ ಸಾಧನವಿತ್ತು. ಅಳತೆಯ ಪಟ್ಟಿಯ ತುದಿಗೆ ಸಣ್ಣ ಗಂಟೆಯಾಕಾರದ ತೂಕ. ಅದನ್ನು ಕೊಳವೆಯೊಳಗೆ ಇಳಿಬಿಟ್ಟು, ಬಾಯಿಗೆ ಕಿವಿ ಹಚ್ಚಿ ಕೂರಬೇಕು. ತೂಕ ನೀರಿಗೆ ತಾಗಿದ ಕೂಡಲೇ ‘ಪ್ಲಪ್’ ಎಂದು ಸದ್ದಾಗುತ್ತದೆ. ಕಾಂಕ್ರೀಟಿನ ಮಿಕ್ಸರ್ ತಿರುಗುವಾಗ ಅದು ಕೇಳಿಸುವುದಿಲ್ಲ. ಹಾಗಾಗಿ ನಾನು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತು ಯಂತ್ರಗಳು ನಿಲ್ಲುವವರೆಗೆ ಕಾದು, ಮೊಣಕಾಲೂರಿ ಕಿವಿ ಹಚ್ಚಿದೆ.

ಪ್ಲಪ್ ಕೇಳಿಸಿತು. ಅದರ ಹಿಂದೆಯೇ ಇನ್ನೊಂದು ಸದ್ದು ಕೇಳಿಸಿತು. ಕಿರ್ರ್, ಕಿರ್ರ್, ಕಿರ್ರ್ ಎಂದು ಒಂದೇ ಹದದಲ್ಲಿ. ಆಮೇಲೆ ಕಲ್ಲಿಗೆ ಲೋಹದ ಕೊಡ ತಾಗಿದ ಠಣ್. ಸ್ವಲ್ಪ ಬಿಟ್ಟು ಹಗ್ಗ ಸರಸರನೆ ಇಳಿದದ್ದು, ಕೊಡ ನೀರಿಗೆ ಬಿದ್ದು ಗುಳುಗುಳು ತುಂಬಿಕೊಂಡದ್ದು, ಮತ್ತೆ ಕಿರ್ರ್, ಕಿರ್ರ್. ನಮ್ಮ ತವರುಮನೆಯ ಹಿತ್ತಲಲ್ಲಿ ಸೇದುವ ಬಾವಿಯಿತ್ತು. ಆ ಸದ್ದಿನ ಜೊತೆಗೇ ನಾನು ಬೆಳೆದದ್ದು. ರಾಟೆಯ ಸದ್ದು ಎಂದು ಗುರುತಿಸಲು ನನಗೆ ಯಾರ ಸಹಾಯವೂ ಬೇಕಾಗಿರಲಿಲ್ಲ.

ಭಯವೇನೂ ಆಗಲಿಲ್ಲ. ಹತ್ತಿರದಲ್ಲೆಲ್ಲೋ ಬಾವಿಯಿದೆ, ಕಲ್ಲಿನ ಬಿರುಕಿನಲ್ಲಿ ಸದ್ದು ಹರಿದು ಬರುತ್ತಿದೆ, ಅಷ್ಟೇ. ಆದರೆ ನಕಾಶೆಯಲ್ಲಿ ಬಾವಿಯಿಲ್ಲ. ಜನ ನೀರು ಸೇದುವ ಬಾವಿಯೊಂದು ಪಕ್ಕದಲ್ಲೇ ಇದ್ದರೆ ಅದನ್ನು ಮೊದಲು ಪರೀಕ್ಷಿಸಬೇಕಾದದ್ದು ನಮ್ಮ ಕರ್ತವ್ಯ. ತಾತ್ಯಾರನ್ನು ಕರೆದು ಕೊಳವೆಗೆ ಕಿವಿ ಹಚ್ಚಲು ಹೇಳಿದೆ. ಅವರು ಹಚ್ಚಿ, ತಲೆಯಾಡಿಸಿ, ‘ಮಲಾ ಕಾಯ್ ಐಕೂ ಯೇಣಾರ್, ಬಾಯಿ’ ಎಂದು ನಕ್ಕರು. ನನಗೆಲ್ಲಿ ಕೇಳಿಸಬೇಕು ಎಂದು. ಶೆಡ್ಡುಗಳ ಕಡೆ ಹೋಗಿ ಕೇಳೋಣವೆಂದು ಎದ್ದೆ.

ಶೆಡ್ಡಿನ ಮುಂದೆ ನೆರಳಿನಲ್ಲಿ ಅತ್ತೆ ಸೊಸೆ ಕೂತು ರೊಟ್ಟಿ ತಿನ್ನುತ್ತಿದ್ದರು. ಅತ್ತೆ ಬಸಮ್ಮ. ಸೊಸೆ ಲಕ್ಷ್ಮಿ, ತುಂಬಿದ ಬಸುರಿ. ನಾನು ಕನ್ನಡದಲ್ಲಿ ಮಾತಾಡಿಸಿದ್ದೇ ತಡ, ಬಸಮ್ಮನ ಮುಖ ಅರಳಿತು. ‘ನಮ್ಮ ಕಡಿಯವರೇನ್ರಿ ಅಕ್ಕಾರ? ಕೂಡ್ರಿ, ಕೂಡ್ರಿ’ ಎಂದು ಗೋಣಿ ಹಾಸಿ, ಒಳಗಿನಿಂದ ಒಂದು ತಂಬಿಗೆ ನೀರು, ಅಂಗೈಯಲ್ಲಿ ಒಂದು ಚೂರು ಬೆಲ್ಲ ತಂದು ಕೊಟ್ಟಳು. ಕೆಲಸದ ಜಾಗದಲ್ಲಿ ನಾನು ಮನೆಯಿಂದ ತಂದ ನೀರನ್ನಷ್ಟೇ ಕುಡಿಯುವವಳು. ಆದರೆ ಊರು ಬಿಟ್ಟು ಇಷ್ಟು ದೂರ ಬಂದವಳು ಮೊದಲ ಸಲ ಕೊಟ್ಟ ನೀರನ್ನು ಬೇಡವೆನ್ನುವುದು ಹೇಗೆ? ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದೆ. ತಣ್ಣಗಿತ್ತು, ಚೆನ್ನಾಗಿಯೇ ಇತ್ತು.

ಅಲ್ಲಿ ಕೂತಾಗ ಕೊಳವೆಯ ಹಂಗೂ ಬೇಕಿರಲಿಲ್ಲ. ರಾಟೆಯ ಸದ್ದು ನೇರವಾಗಿಯೇ ಕೇಳುತ್ತಿತ್ತು. ಸಣ್ಣಗೆ, ಆದರೆ ಸ್ಪಷ್ಟವಾಗಿ.

‘ಈ ಸಪ್ಪಳ ಎಲ್ಲಿಂದ ಬರತದರೀ ಬಸಮ್ಮ?’ ಎಂದು ಕೇಳಿದೆ.

‘ಅದೇನ್ರಿ? ಗ್ವಾಡಿ ಆಚಿ ಬಾಜೂ ಬಾವಿ ಅದಲ್ರಿ. ದಿನಾ ಇದೇ ಹೊತ್ತಿಗಿ ಸೇದತಾರ. ಮಿಶೀನ್ ನಿಂತಾಗಷ್ಟೇ ಕೇಳ್ತದ.’

‘ಬಾವಿ ನೋಡೀರೇನು?’

‘ಎಲ್ಲಿ ನೋಡೂನ್ರಿ? ಗ್ವಾಡಿ ಅಷ್ಟು ಎತ್ತರ ಅದ. ಸುತ್ತ ಹಾಕಿ ಹೋಗ್ಲಾಕ ಪುರುಸೊತ್ತು ಯಾರಿಗದ?’

ಲಕ್ಷ್ಮಿ ನಾಚಿಕೆಯ ಹುಡುಗಿ. ತಲೆ ತಗ್ಗಿಸಿಕೊಂಡೇ ಹೇಳಿದಳು: ‘ಒಬ್ಬಾಕಿನೇ ಇರ್ತಾಳ್ರಿ ಆಕಿ. ಕೊಡ ಅರ್ಧಕ್ಕ ಬಂದಾಗ ನಿಂತು ದಣಿವಾರಿಸ್ಕೋತಾಳ. ಬಳಿ ಸಪ್ಪಳ ಕೇಳ್ತದ್ರಿ. ಆಕೀನೂ ನನ್ನಂಗ ಬಸುರಿ ಅದಾಳೋ ಏನೋ.’

ನಾನು ಕಿವಿಗೊಟ್ಟು ಕೇಳಿದೆ. ಹೌದು. ಕಿರ್ರ್ ಕಿರ್ರ್ ಎನ್ನುತ್ತಿದ್ದದ್ದು ನಡುವೆ ನಿಂತಿತು. ಗಾಜಿನ ಬಳೆಗಳು ಒಂದಕ್ಕೊಂದು ತಾಗಿದ ಸಣ್ಣ ಸದ್ದು. ಮತ್ತೆ ಕಿರ್ರ್.

ಮಾತಿಗೆ ಮಾತು ಬಂದು ಬಸಮ್ಮ ಇನ್ನೊಂದು ವಿಷಯ ಹೇಳಿದಳು. ಕುಡಿಯಲು ಅವರಿಗೆ ಟ್ಯಾಂಕರಿನ ನೀರು ಕೊಡುವುದಾಗಿ ಹೇಳಿದ್ದರಂತೆ. ಅದು ಒಮ್ಮೆ ಬಂದರೆ ಒಮ್ಮೆ ಇಲ್ಲ. ಶೆಡ್ಡಿನ ಪಕ್ಕದಲ್ಲೇ ಕಟ್ಟಡದ ಗೋಡೆಗಳಿಗೆ ನೀರುಣಿಸಲು ಕೊರೆಸಿದ ಒಂದು ಬೋರ್ ಇತ್ತು. ‘ಮೊದ್ಲು ಆ ನೀರು ಕುಡೀಲಾಕ ಅಂಜತಿದ್ದೆವ್ರಿ. ಪರಮುಲಕಿನ ನೀರು, ಹ್ಯಾಂಗ ಅದನೋ ಏನೋ ಅಂತ. ಆಮ್ಯಾಲ ಈ ಸಪ್ಪಳ ಕೇಳಿ ಧೈರ್ಯ ಬಂತು. ಅವರು ದಿನಾ ಸೇದಿ ಮನಿಗಿ ಒಯ್ದು ಕುಡೀತಾರಂದ್ರ ನೀರು ಛಲೋನೇ ಇರಬೇಕಲ್ರಿ? ನೆಲ ಒಂದೇ, ನೀರೂ ಒಂದೇ.’

ಅವಳ ಲೆಕ್ಕ ತಪ್ಪೆಂದು ನಾನೂ ಹೇಳಲಾರೆ. ಹೊಸ ಊರಿಗೆ ಹೋದರೆ ನಾವೆಲ್ಲ ಹಾಗೆಯೇ ಮಾಡುವುದು. ಜನ ಸೇದುವ ಬಾವಿಯನ್ನು ನಂಬುತ್ತೇವೆ, ಯಾರೂ ಮುಟ್ಟದ ಬಾವಿಗೆ ಅಂಜುತ್ತೇವೆ.

ಲಕ್ಷ್ಮಿ ಎದ್ದು ಒಳಗೆ ಹೋದ ಮೇಲೆ ಬಸಮ್ಮ ದನಿ ತಗ್ಗಿಸಿದಳು. ‘ಹೋದ ವರ್ಸ ಒಂದು ಹೊಟ್ಟ್ಯಾಗೇ ಹೋತ್ರಿ, ಐದು ತಿಂಗಳಾಗಿತ್ತು. ಇಲ್ಲೇ, ಈ ಶೆಡ್ಡಿನಾಗೇ. ಇದರೆ ನೆಟ್ಟಗಾಗ್ಲಿ ಅಂತ ದಿನಾ ಕೈ ಮುಗೀತೀನಿ.’

ಆ ಮಾತು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಗೇಟಿನಿಂದ ಹೊರಗೆ ಬಂದು, ರಸ್ತೆ ಹಿಡಿದು, ಗೋಡೆಯ ಆಚೆ ಬದಿಗೆ ಸುತ್ತು ಹಾಕಿ ಹೋದೆ. ಬಿಸಿಲು ಸುಡುತ್ತಿತ್ತು. ಅಲ್ಲಿ ಬಾವಿಯಿರಲಿಲ್ಲ. ಮನೆಯೂ ಇರಲಿಲ್ಲ. ಜಾಲಿಗಿಡಗಳು, ಪ್ಲಾಸ್ಟಿಕ್ ಚೀಲಗಳು, ಯಾರೋ ತಂದು ಸುರಿದ ಒಡೆದ ಕಟ್ಟಡದ ಕಲ್ಲುಮಣ್ಣು. ಗೋಡೆಯ ಬುಡದವರೆಗೆ ಹೋಗಿ ನಿಂತೆ. ಅಲ್ಲಿ ಸದ್ದೇ ಇಲ್ಲ. ಆ ಜಾಗ ಕಾಯುವ ಮುದುಕನೊಬ್ಬ ಗಿಡದ ನೆರಳಿನಲ್ಲಿ ಮಲಗಿದ್ದ. ಅವನನ್ನು ಎಬ್ಬಿಸಿ ಮರಾಠಿಯಲ್ಲಿ ಕೇಳಿದೆ. ‘ವಿಹೀರ್? ಇಥಂ ಕುಠಂ ಆಲೀ ವಿಹೀರ್?’ ಎಂದು ಅವನು ನನ್ನನ್ನೇ ಅನುಮಾನದಿಂದ ನೋಡಿದ. ಇಲ್ಲೆಲ್ಲಿಂದ ಬರಬೇಕು ಬಾವಿ ಎಂದು.

ಮನೆಗೆ ಬಂದು ಅಡುಗೆ ಮಾಡುವಾಗಲೂ ಅದೇ ಯೋಚನೆ. ಯಜಮಾನರಿಗೆ ಹೇಳಿದರೆ, ‘ಬಿಸಿಲಾಗ ತಿರುಗಿ ತಿರುಗಿ ಹಿಂಗಾಗೇದ’ ಎಂದು ನಕ್ಕರು. ನಾನು ಅವರಿಗೆ ಎಷ್ಟು ಸಲ ಅದೇ ಮಾತು ಹೇಳಿ ಬಾಯಿ ಮುಚ್ಚಿಸಿದ್ದೆನೋ, ಈಗ ತಿರುಗಿಸಿ ಕೊಟ್ಟರು. ನನಗೆ ನಗು ಬರಲಿಲ್ಲ.

ಮರುದಿನ ಅಲ್ಲಿಗೆ ಹೋಗಬೇಕಾದ ಕೆಲಸ ನಿಜವಾಗಿ ಇರಲಿಲ್ಲ. ಯಂತ್ರವನ್ನು ಬಿಚ್ಚಿ ಲಾರಿಗೆ ಏರಿಸುವುದಷ್ಟೇ ಬಾಕಿ. ಆದರೂ ಹೋದೆ. ತಾತ್ಯಾರಿಗೆ ಊಟದವರೆಗೆ ಬಿಚ್ಚಬೇಡಿ ಎಂದು ಹೇಳಿ ಶೆಡ್ಡಿನ ಹತ್ತಿರ ಹೋಗಿ ನಿಂತೆ. ಗೋಡೆಯಾಚೆ ಬಾವಿಯಿಲ್ಲ ಎಂದು ಬಸಮ್ಮನಿಗೆ ಹೇಳಿದೆ. ಅವಳು ನಂಬಲಿಲ್ಲ. ‘ನೀವು ಬ್ಯಾರೆ ಕಡಿ ನೋಡೀರಿ ಅಕ್ಕಾರ’ ಎಂದಳು. ಮಿಕ್ಸರ್ ನಿಂತಿತು. ಸ್ವಲ್ಪ ಹೊತ್ತಿನಲ್ಲಿ ಸದ್ದು ಶುರುವಾಯಿತು.

ಈಗ ನಾನು, ಬಸಮ್ಮ, ಕೊಡ ತುಂಬಿಕೊಂಡು ಬಂದಿದ್ದ ಲಕ್ಷ್ಮಿ ಮೂವರೂ ಸದ್ದಿನ ಜಾಡು ಹಿಡಿದು ನಡೆದೆವು. ಗೋಡೆಯ ಕಡೆ ಹೆಜ್ಜೆ ಹಾಕಿದರೆ ಅದು ಕಡಿಮೆಯಾಗುತ್ತಿತ್ತು. ಹಿಂದಕ್ಕೆ ಬಂದರೆ ಹೆಚ್ಚುತ್ತಿತ್ತು. ಶೆಡ್ಡುಗಳ ನಡುವೆ ಒಂದು ಅಗಲವಾದ ಚಪ್ಪಡಿಕಲ್ಲು ನೆಲಕ್ಕೆ ಹಾಸಿದಂತೆ ಬಿದ್ದಿತ್ತು. ಹೆಂಗಸರು ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು, ಸುತ್ತ ಸೀರೆ ಕಟ್ಟಿಕೊಂಡು ಸ್ನಾನ ಮಾಡುತ್ತಿದ್ದರು. ಅದರ ಮೇಲೆ ಕಾಲಿಟ್ಟೆ. ಸದ್ದು ನನ್ನ ಅಂಗಾಲಿನ ಕೆಳಗಿನಿಂದ ಬರುತ್ತಿತ್ತು. ಕೂತು ಕಲ್ಲಿಗೆ ಕಿವಿ ಹಚ್ಚಿದೆ. ರಾಟೆ, ಹಗ್ಗ, ಕೊಡ, ಬಳೆ. ಎಲ್ಲವೂ ಅಲ್ಲೇ, ಕೈಗೆ ಎಟಕುವಷ್ಟು ಹತ್ತಿರ. ಹಗ್ಗ ಜಗ್ಗುವವಳ ಉಸಿರೂ ಕೇಳಿಸಿತೆಂದು ನನಗೆ ಅನ್ನಿಸಿತು. ಅದೊಂದು ನನ್ನ ಕಲ್ಪನೆಯಿರಬಹುದು. ಉಳಿದದ್ದು ಕಲ್ಪನೆಯಲ್ಲ.

ಆಗ ನನಗೆ ಭಯವಾಯಿತು. ಹಾಗೆ ಹೇಳಿಕೊಳ್ಳಲು ನಾಚಿಕೆಯಿಲ್ಲ. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಕಲ್ಲಿನಿಂದ ಕಿವಿ ಕಿತ್ತು ಎದ್ದೆ.

ಬಸಮ್ಮ ಕಲ್ಲಿನ ಅಂಚಿಗೆ ಕೈಯಿಟ್ಟು, ಹಾವು ಮುಟ್ಟಿದವಳಂತೆ ತೆಗೆದಳು. ‘ಅಕ್ಕಾರ, ಇದು ಆಚಿ ಬಾಜೂದಲ್ರಿ’ ಎಂದಳು. ಲಕ್ಷ್ಮಿಯ ಸೊಂಟದ ಮೇಲೆ ಬೋರಿನಿಂದ ಆಗಷ್ಟೇ ತುಂಬಿಕೊಂಡು ಬಂದ ಕೊಡವಿತ್ತು. ಅವಳು ಕೊಡವನ್ನು ನಿಧಾನವಾಗಿ ಕೆಳಗಿಳಿಸಿ, ಅದರಿಂದ ದೂರ ಸರಿದು, ಎರಡೂ ಕೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡು ನಿಂತಳು. ಆ ಹುಡುಗಿಯ ಮುಖ ನೋಡಿಯೇ ನಾನು ನಿರ್ಧಾರ ಮಾಡಿದ್ದು.

ತಾತ್ಯಾರನ್ನು ಕರೆದು ಚಪ್ಪಡಿಯ ಪಕ್ಕದಲ್ಲೇ ಕೊರೆಯಬೇಕೆಂದೆ. ಅವರು ಕಾಗದ ನೋಡಿ, ‘ನಕಾಶಾತ್ ನಾಹೀ, ಬಾಯಿ’ ಎಂದರು. ನಕಾಶೆಯಲ್ಲಿ ಇಲ್ಲವೆಂದು ನನಗೆ ಗೊತ್ತಿಲ್ಲವೇ? ‘ನಾನು ನೋಡಿಕೊಳ್ಳುತ್ತೇನೆ, ನೀವು ಕೊರೆಯಿರಿ’ ಎಂದು ಕೂಗಿ ಹೇಳಿದೆ. ಯಂತ್ರ ಶುರುವಾಯಿತು. ಮೇಲಿನ ಮುರುಮು ಹೋಗುತ್ತಲೇ ಕೊರಕ ಸರ್ರನೆ ಕೆಳಗಿಳಿಯಿತು, ಕಲ್ಲು ಅಡ್ಡ ಬರಲೇ ಇಲ್ಲ. ಮೇಲೆ ಬಂದ ಮಣ್ಣು ಮಣ್ಣಾಗಿರಲಿಲ್ಲ. ಹಳದಿ ಹಸಿರು ಬಣ್ಣದ ಕೆಸರು, ಮೂಗು ಸುಡುವ ಹುಳಿ ವಾಸನೆ. ತಾತ್ಯಾ ಯಂತ್ರ ನಿಲ್ಲಿಸಿ, ಮೂಗಿಗೆ ಪಂಚೆಯ ಚುಂಗು ಹಿಡಿದು, ನನ್ನ ಮುಖ ನೋಡಿದರು. ಯಂತ್ರ ನಿಂತ ಮೇಲೆ ಅಲ್ಲಿ ನಿಶ್ಶಬ್ದ. ರಾಟೆಯ ಸದ್ದು ಆ ಕ್ಷಣಕ್ಕೆ ನಿಂತದ್ದು ಮತ್ತೆ ಕೇಳಲಿಲ್ಲ.

ಆ ಕೆಸರನ್ನೂ ಬೋರಿನ ನೀರನ್ನೂ ಬೇರೆ ಬೇರೆ ಬಾಟಲಿಗಳಲ್ಲಿ ತುಂಬಿದೆ. ಬೋರಿನ ನೀರು ತಂಬಿಗೆಯಲ್ಲಿ ತಿಳಿಯಾಗಿ ಕಂಡಿತ್ತು. ಉದ್ದನೆಯ ಗಾಜಿನ ಬಾಟಲಿಯ ಹಿಂದೆ ಬಿಳಿ ಕಾಗದ ಹಿಡಿದಾಗ ಅದರಲ್ಲಿ ತೆಳುವಾಗಿ ಹಳದಿ ಇತ್ತು. ಕಾರ್ಖಾನೆಯಲ್ಲಿ ಲೇಪಕ್ಕೆ ಬಳಸುತ್ತಿದ್ದ ಕ್ರೋಮಿಯಂ ಎಂದು ಪರೀಕ್ಷೆಯಲ್ಲಿ ಬಂತು. ಕುಡಿಯುವ ನೀರಿನಲ್ಲಿ ಹನಿಯಷ್ಟೂ ಇರಬಾರದ ರೂಪದಲ್ಲಿತ್ತು. ಸಾಹೇಬರು ಗುರುತು ಹಾಕಿದ್ದ ಕಡೆಯಿಂದ ಬಂದದ್ದೆಲ್ಲ ಶುದ್ಧ. ಕಲ್ಲಿನ ಬಿರುಕು ಆ ಮೂಲೆಯಿಂದ ಬೋರಿನ ಕಡೆಗೆ ಇಳಿದಿದ್ದರಿಂದ ವಿಷವೆಲ್ಲ ಅತ್ತಲೇ ಹರಿದಿತ್ತು. ಆ ಮೂಲೆಯನ್ನು ನೋಡದಿದ್ದರೆ ನಾವು ನೆಲ ಶುದ್ಧವಾಗಿದೆ ಎಂದೇ ಬರೆದು ಕೊಡುತ್ತಿದ್ದೆವು.

ವರದಿ ಬರೆಯುವಾಗ ಸಾಹೇಬರು ಕನ್ನಡಕ ಮೇಲೇರಿಸಿ ಕೇಳಿದರು. ಎಲ್ಲ ಸರಿ, ಆದರೆ ಅಲ್ಲಿಯೇ ಏಕೆ ಕೊರೆದೆ? ಅವರ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ, ಕುತೂಹಲವಿತ್ತು. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ನಕಾಶೆ ಎಳೆದುಕೊಂಡು ಆ ಮೂಲೆಯ ಗೆರೆಯ ಮೇಲೆ ಬೆರಳಿಟ್ಟರು. ಕೊನೆಗೆ, ‘ಸ್ಥಳೀಯರು ಕೊಟ್ಟ ಮಾಹಿತಿಯ ಮೇರೆಗೆ ಎಂದು ಬರೆ’ ಎಂದರು. ಹಾಗೆಯೇ ಬರೆದೆ. ಅದು ಸುಳ್ಳಲ್ಲ, ಆದರೆ ನಿಜವೆಂದು ಹೇಳಲು ಇವತ್ತಿಗೂ ನನ್ನ ನಾಲಿಗೆ ತಡವರಿಸುತ್ತದೆ. ಕಟ್ಟಡದವರು ಮೊದಲು ಸ್ವಲ್ಪ ಹಾರಾಡಿದರು. ಸಾಹೇಬರು ಜಗ್ಗಲಿಲ್ಲ. ಬೋರಿನ ಪಂಪನ್ನು ಅಂದೇ ಕಿತ್ತರು. ಕೂಲಿಯವರ ಶೆಡ್ಡುಗಳನ್ನು ರಸ್ತೆಯಾಚೆ ಬೇರೊಂದು ಜಾಗಕ್ಕೆ ಒಯ್ದರು.

ಆಮೇಲೆ ಜೆಸಿಬಿ ತಂದು ಚಪ್ಪಡಿ ಎತ್ತಿಸಿದಾಗ ನಾನು ಅಲ್ಲಿದ್ದೆ. ಕೆಳಗೆ ಕಲ್ಲು ಕಟ್ಟಿದ ದುಂಡನೆಯ ಬಾವಿಯ ಅಂಚು. ಒಳಗೆ ಬಾಯಿತನಕ ಅದೇ ಕೆಸರು, ತುಕ್ಕು ಹಿಡಿದ ಪೀಪಾಯಿಗಳು, ಒಡೆದ ಹೆಂಚು. ಕಸದ ಜೊತೆ ಒಂದು ಕಬ್ಬಿಣದ ರಾಟೆಯೂ ಮೇಲೆ ಬಂತು. ತಾತ್ಯಾ ಅದನ್ನು ನೀರಿನಲ್ಲಿ ತೊಳೆದು ಗಾಲಿ ತಿರುಗಿಸಲು ನೋಡಿದರು. ಸ್ಪ್ಯಾನರ್ ಹಾಕಿ ಜಗ್ಗಿದರು. ಗಾಲಿ ಅಚ್ಚಿಗೆ ತುಕ್ಕಿನಿಂದ ಬೆಸೆದುಹೋಗಿತ್ತು. ಅಲುಗಲೂ ಇಲ್ಲ.

ನಾನು ಸುಮ್ಮನೆ ಬಿಡುವವಳಲ್ಲ. ಆ ಭಾಗದ ಹಳೆಯ ಜನರನ್ನು ಹುಡುಕಿ ವಿಚಾರಿಸಿದೆ. ಒಬ್ಬ ಅಜ್ಜನಿಗೆ ನೆನಪಿತ್ತು. ಅದು ಮೊದಲು ಸುತ್ತಲಿನ ಮನೆಗಳವರೆಲ್ಲ ಸೇದುತ್ತಿದ್ದ ಬಾವಿ. ಜಾಗ ಕಾರ್ಖಾನೆಗೆ ಹೋದ ಮೇಲೆ ಗೋಡೆ ಬಂತು, ಬಾವಿ ಗೋಡೆಯೊಳಗೆ ಸೇರಿತು, ಆಮೇಲೆ ಏನಾಯಿತೋ ಅವರಿಗೆ ಗೊತ್ತಿಲ್ಲ. ಯಾರಾದರೂ ಹೆಂಗಸು ಅದರಲ್ಲಿ ಬಿದ್ದು ಸತ್ತಿದ್ದರೇ ಎಂದು ಕೇಳಿದೆ. ಆ ಪ್ರಶ್ನೆ ನನ್ನ ಬಾಯಿಂದ ಬಂದದ್ದು ಕೇಳಿದ್ದರೆ ನಮ್ಮ ಸೋದರತ್ತೆ ಎಷ್ಟು ನಗುತ್ತಿದ್ದಳೋ. ಅಜ್ಜ ತಲೆಯಾಡಿಸಿದರು. ಯಾರೂ ಬಿದ್ದಿಲ್ಲ, ಯಾರೂ ಸತ್ತಿಲ್ಲ. ಒಳ್ಳೆಯ ಬಾವಿಯಾಗಿತ್ತು, ಜನ ನೀರು ಕುಡಿಯುತ್ತಿದ್ದರು ಎಂದರು.

ವಿವರಣೆಗಳನ್ನು ಕೊಟ್ಟವರು ಬಹಳ ಮಂದಿ. ದೂರದ ಯಾವುದೋ ಸದ್ದು ಬಿರುಕಿನಲ್ಲಿ ಹರಿದು ಬಂದಿರಬೇಕು ಎಂದರು. ಕೆಸರಿನೊಳಗಿನಿಂದ ಗಾಳಿ ಗುಳುಗುಳು ಎದ್ದಿರಬೇಕು ಎಂದರು. ಇವನ್ನೆಲ್ಲ ಅವರಿಗಿಂತ ಮೊದಲೇ ನಾನೇ ಯೋಚಿಸಿದ್ದೆ. ಗುಳುಗುಳು ಎಂಬುದನ್ನು ಒಪ್ಪುತ್ತೇನೆ. ಕಿರ್ರ್ ಎಂಬುದನ್ನೂ ಹಟ ಹಿಡಿದರೆ ಒಪ್ಪಬಹುದು. ಬಳೆಗಳನ್ನು ಏನು ಮಾಡಲಿ? ದಣಿದು ನಿಲ್ಲುತ್ತಿದ್ದದ್ದನ್ನು ಏನು ಮಾಡಲಿ?

ಕೆಲವು ತಿಂಗಳಾದ ಮೇಲೆ ಅದೇ ರಸ್ತೆಯಲ್ಲಿ ಹೋಗುವಾಗ ಬಸಮ್ಮನನ್ನು ನೋಡಲು ಇಳಿದೆ. ಹೊಸ ಶೆಡ್ಡಿನ ಮುಂದೆ ಜೋಳಿಗೆಯಲ್ಲಿ ಮೊಮ್ಮಗಳು ಮಲಗಿದ್ದಳು. ಲಕ್ಷ್ಮಿ ಕೆಲಸಕ್ಕೆ ಹೋಗಿದ್ದಳು. ಕೂಸು ಚೆನ್ನಾಗಿತ್ತು, ಕೈಕಾಲು ಗುಂಡಗಿತ್ತು. ನನ್ನ ಬೆರಳು ಹಿಡಿದುಕೊಂಡು ಬಿಡಲಿಲ್ಲ. ನನಗೆ ಕಣ್ಣು ತುಂಬಿ ಬಂತು. ಎಲ್ಲರೂ ಆ ಬಾವಿಯ ತಾಯಿಯೇ ಕಾಯ್ದಳೆಂದು ನಂಬಿದ್ದಾರೆ, ಹೆಂಗಸರೆಲ್ಲ ಹೋಗಿ ಗೇಟಿನ ಹತ್ತಿರವೇ ಹಸಿರು ಬಳೆ, ಕುಬಸದ ಕಣ ಇಟ್ಟು ಉಡಿ ತುಂಬಿ ಬಂದಿದ್ದಾರೆ ಎಂದು ಬಸಮ್ಮ ಹೇಳಿದಳು. ನಾನೂ ಒಳಗೊಳಗೆ ಹಾಗೆಯೇ ಅಂದುಕೊಂಡು ಸಮಾಧಾನದಲ್ಲಿದ್ದೆ. ಆ ಸದ್ದು ನಮಗೆ ಎಚ್ಚರಿಕೆ ಕೊಡಲು ಬಂದದ್ದು ಎಂದು. ಹೌದು, ನಾನು, ಅಳೆಯಲು ಬರದಿದ್ದದ್ದನ್ನು ನಂಬದವಳು.

ಬಸಮ್ಮ ಕೂಸಿನ ಜೋಳಿಗೆ ತೂಗಿದಳು. ಆಮೇಲೆ ಕೇಳಿದಳು: ‘ಎಲ್ಲಾರೂ ಆಕಿ ಕಾಯ್ದಳಂತಾರ. ನಾನೂ ಉಡಿ ತುಂಬೀನಿ. ಆದ್ರ ಅಕ್ಕಾರ, ಆಕಿ ಸಪ್ಪಳ ಕೇಳೇ ಅಲ್ಲೇನ್ರಿ ನಾವು ಆ ನೀರಿಗಿ ಬಾಯಿ ಹಚ್ಚಿದ್ದು? ಆ ಸಪ್ಪಳ ಇರಲಿಲ್ಲಂದ್ರ ನಾವು ಕುಡೀತಿರಲಿಲ್ಲ. ಹೋದ ವರ್ಸ ಹೋದ ಕೂಸು ಹೋಗ್ತಿತ್ತೇನ್ರಿ?’

ಆ ಕೂಸು ಆ ನೀರಿನಿಂದಲೇ ಹೋಯಿತೆಂದು ಹೇಳಲು ಯಾವ ಪರೀಕ್ಷೆಯೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಆ ಹೆಂಗಸು ಕರೆಯುತ್ತಿದ್ದಳೋ, ಎಚ್ಚರಿಸುತ್ತಿದ್ದಳೋ, ಅಥವಾ ನಮ್ಮ ಯಾರ ಪರಿವೆಯೂ ಇಲ್ಲದೆ ತನ್ನ ಮನೆಗೆ ನೀರು ಸೇದುತ್ತಿದ್ದಳೋ, ನನಗೆ ತಿಳಿಯದು. ಇಷ್ಟು ವರ್ಷಗಳಾದರೂ ತಿಳಿದಿಲ್ಲ.

ಬಸಮ್ಮ ಎದ್ದು ಒಳಗೆ ಹೋಗಿ ತಂಬಿಗೆ ತಂದಳು. ಆದರೆ ನನ್ನ ಕೈಗೆ ಕೊಡದೆ ಬಾಗಿಲಲ್ಲೇ ನಿಂತುಬಿಟ್ಟಳು. ‘ಈಗ ಬಂದವರಿಗಿ ನೀರು ಕೊಡ್ಲಾಕ ಅಂಜಿಕಿ ಆಗ್ತದ್ರಿ’ ಎಂದಳು. ‘ಟ್ಯಾಂಕರಿಂದೇ ಅದ. ಆದ್ರೂ ಅಂಜಿಕಿ.’ ನಾನು ಕೈ ಚಾಚಿ ತಂಬಿಗೆ ತೆಗೆದುಕೊಂಡೆ. ರಸ್ತೆಯಾಚೆ ಊಟದ ಹೊತ್ತಾಗಿ ಮಿಕ್ಸರ್ ನಿಂತಿತು. ತಂಬಿಗೆ ತುಟಿಯ ಹತ್ತಿರ ತಂದವಳು ಹಾಗೆಯೇ ತಡೆದೆ. ಬಸಮ್ಮನೂ ಜೋಳಿಗೆಯ ಹಗ್ಗ ಹಿಡಿದು ನಿಲ್ಲಿಸಿದಳು. ಇಬ್ಬರೂ ಕಿವಿಗೊಟ್ಟು ಕೇಳಿದೆವು. ಏನೂ ಕೇಳಿಸಲಿಲ್ಲ. ಆಮೇಲೆ ನಾನು ನೀರು ಕುಡಿದೆ.